ಹಬ್ಬದ ಪೆಟ್ಟಿಗೆ



ಈ ದಿನ ನಾವು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯವು ನೋಡುವುದಕ್ಕೆ ಬಹಳ ಸಣ್ಣದು. ಪಾದರಕ್ಷೆಗಳನ್ನು ಕೊಂಡಾಗ ಅಂಗಡಿಯವನು ಕೊಡುವ ರಟ್ಟಿನ ಪೆಟ್ಟಿಗೆಯನ್ನು ನೀವೆಲ್ಲರೂ ಬಲ್ಲಿರಿ. ಪಾದರಕ್ಷೆಯು ಕಾಲಿಗೇರಿದ ಮೇಲೆ ಆ ಪೆಟ್ಟಿಗೆಯನ್ನು ಕೇಳುವವರಿಲ್ಲ. ಅದು ಅಟ್ಟಕ್ಕೋ ಕಸಕ್ಕೋ ಸೇರುತ್ತದೆ. ಇಂಥ ಪೆಟ್ಟಿಗೆಯೊಂದರಲ್ಲಿ ಹಬ್ಬದ ಕಾಲಕ್ಕೆ ಕೆಲವು ಸಾಮಾನುಗಳನ್ನು ತುಂಬಿ, ತಾವು ಕಂಡರಿಯದ ಯಾವುದೋ ಒಂದು ಬಡ ಮಗುವಿಗೆ ಕಳುಹಿಸುವ ಪದ್ಧತಿಯು ಪಶ್ಚಿಮ ದೇಶಗಳಲ್ಲಿ ಬೆಳೆದುಬಂದಿದೆ. ಪೆಟ್ಟಿಗೆಯನ್ನು ತುಂಬುವುದರಲ್ಲಿ ಒಂದು ಭಾಷಣಕ್ಕಾಗುವಷ್ಟು ವಿಷಯವೇನಿದೆ ಎಂದು ನೀವು ಕೇಳಬಹುದು. ನಾವೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದೆವು. ಆ ಎಣಿಕೆ ತಪ್ಪೆಂಬುದು ನಮಗೆ ಹೇಗೆ ತಿಳಿಯಿತೆಂಬುದನ್ನು ಮುಂದೆ ಅರಿಕೆ ಮಾಡುತ್ತೇವೆ.

1989ನೆಯ ಡಿಸೆಂಬರಿನಲ್ಲಿ ರುಮೇನಿಯ ದೇಶದಲ್ಲಿ ಚೌಷೆಸ್ಕುವಿನ ಆಳ್ವಿಕೆಯು ಉರುಳಿತು. ಮುಚ್ಚಿದ್ದ ಬಾಗಿಲು ತೆರೆದಾಗ ಹೊರಗಿನ ಜನಕ್ಕೆ ಮೊದಲು ಕಂಡುಬಂದವುಗಳಲ್ಲಿ ಅಲ್ಲಿಯ ಅನಾಥಾಲಯಗಳೂ ಸೇರಿದ್ದುವು. ಜನಸಂಖ್ಯೆಯನ್ನು ಹೆಚ್ಚಿಸಬೇಕೆಂದು ಆ ಸರ್ಕಾರವು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತ್ತು. ಹುಟ್ಟಿದ ಮಕ್ಕಳನ್ನು ಸಾಕಲು ಶಕ್ತಿಯಿಲ್ಲದ ತಂದೆತಾಯಿಗಳು ಅವರನ್ನು ಸರ್ಕಾರದ ಮನೆಗಳಲ್ಲಿ ಬಿಟ್ಟಿದ್ದರು. ಕಬ್ಬಿಣದ ಮಂಚಗಳ ಮೇಲೆ, ಎತ್ತಿಕೊಳ್ಳುವವರಿಲ್ಲದೆ, ಆಟದ ಸಾಮಾನಿಲ್ಲದೆ ಕುಳಿತಿದ್ದ ಆ ಮಕ್ಕಳ ಚಿತ್ರಗಳು ದೂರದರ್ಶನದ ಮೂಲಕ ಮನೆಮನೆಗೂ ಬಂದುವು. ವೇಲ್ಸ್ ಸೀಮೆಯ ರೆಕ್ಸ್‌ಹ್ಯಾಮ್ ಎಂಬ ಊರಿನಲ್ಲಿ ಡೇವ್ ಕುಕ್, ಜಿಲ್ ಕುಕ್ ಎಂಬ ದಂಪತಿಗಳು ಅವನ್ನು ನೋಡಿ ಸುಮ್ಮನಿರಲಾರದೆ, 1990ರ ಕ್ರಿಸ್ಮಸ್ ಹಬ್ಬಕ್ಕೆ ಔಷಧಗಳನ್ನೂ ಮಕ್ಕಳಿಗೆ ಉಡುಗೊರೆಗಳನ್ನೂ ಲಾರಿಗಳಲ್ಲಿ ತುಂಬಿಕೊಂಡು ರುಮೇನಿಯಕ್ಕೆ ಸಾಗಿಸಿದರು. ಪಾದರಕ್ಷೆಯ ಪೆಟ್ಟಿಗೆಯ ಕಥೆ ಹೀಗೆ ಮೊದಲಾಯಿತು. 1993ರಲ್ಲಿ ಅಮೆರಿಕದ ಒಂದು ಕ್ರೈಸ್ತ ಸಂಸ್ಥೆಯು ಈ ಕೆಲಸವನ್ನು ಕೈಗೆತ್ತಿಕೊಂಡಿತು. 2022ರ ವೇಳೆಗೆ ಹೀಗೆ ಹೋದ ಪೆಟ್ಟಿಗೆಗಳ ಮೊತ್ತವು 20 ಕೋಟಿಯನ್ನು ಮುಟ್ಟಿತು.

ಈ ಪೆಟ್ಟಿಗೆಗಳ ಕಟ್ಟಳೆಗಳನ್ನು ಸ್ವಲ್ಪ ನೋಡೋಣ. ಮೊದಲು ಮಗುವು ಗಂಡೋ ಹೆಣ್ಣೋ ಎಂಬುದನ್ನೂ, ವಯಸ್ಸು ಎರಡರಿಂದ ನಾಲ್ಕೋ, ಐದರಿಂದ ಒಂಬತ್ತೋ, ಹತ್ತರಿಂದ ಹದಿನಾಲ್ಕೋ ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಪೆಟ್ಟಿಗೆಗೆ ಪ್ರಧಾನವಾದ ಒಂದು ವಸ್ತುವನ್ನು ಆರಿಸಬೇಕು: ಮುಚ್ಚಳ ತೆರೆದೊಡನೆ ಮಗುವಿನ ಕಣ್ಣರಳಿಸುವಂಥ ಒಂದು ಬೊಂಬೆ, ಒಂದು ಚೆಂಡು. ಉಳಿದ ಸ್ಥಳದಲ್ಲಿ ಪೆನ್ಸಿಲು, ಪುಸ್ತಕ, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಕಾಲುಚೀಲ ಇಂಥವು. ಒಡೆಯುವುದನ್ನು ಇಡಬಾರದು, ದ್ರವಪದಾರ್ಥವನ್ನು ಇಡಬಾರದು. ಯುದ್ಧವನ್ನು ನೆನಪಿಗೆ ತರುವ ಆಟದ ಕೋವಿ ಕತ್ತಿಗಳನ್ನು ಸರ್ವಥಾ ಇಡಬಾರದು, ಏಕೆಂದರೆ ತೆಗೆದುಕೊಳ್ಳುವ ಮಗುವು ನಿಜವಾದ ಕೋವಿಯನ್ನು ಕಂಡಿರಬಹುದು. ಸುಂಕದ ಕಟ್ಟೆಗಳ ನಿಯಮಗಳಿಂದಾಗಿ ಮಿಠಾಯಿಗೂ ಹಲ್ಲುಜ್ಜುವ ಪೇಸ್ಟಿಗೂ ಈಗ ಪ್ರವೇಶವಿಲ್ಲ. ಬಣ್ಣದ ಕಾಗದವನ್ನು ಹಚ್ಚುವುದಾದರೆ ಮುಚ್ಚಳಕ್ಕೆ ಬೇರೆ, ತಳಕ್ಕೆ ಬೇರೆಯಾಗಿ ಹಚ್ಚಬೇಕು. ಪರೀಕ್ಷಿಸುವವರು ಕಾಗದವನ್ನು ಹರಿಯದೆ ತೆರೆದು ಮುಚ್ಚುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದುಂಟು: ಬಳಸಿದ ವಸ್ತುವನ್ನು ಇಡಕೂಡದು.

ಇಷ್ಟೆಲ್ಲ ನಿರ್ಬಂಧವೇಕೆ, ಪ್ರೀತಿಯಿದ್ದರೆ ಸಾಲದೆ ಎಂದು ಕೆಲವರು ಹೇಳಬಹುದು. ಪ್ರೀತಿ ಬೇಕು, ನಿಜ. ಆದರೆ ವಿವೇಚನೆಯಿಲ್ಲದ ಪ್ರೀತಿಯು ಪೆಟ್ಟಿಗೆಯನ್ನು ಭಾರಮಾಡುತ್ತದೆಯೇ ಹೊರತು ತುಂಬುವುದಿಲ್ಲ. ಎರಡನೆಯ ಮಹಾಯುದ್ಧವು ಮುಗಿದ ವರ್ಷ, ಎಂದರೆ 1945ರಲ್ಲಿ, ಅಮೆರಿಕದ 22 ಸಂಘಗಳು ಕೂಡಿ 'ಕೇರ್' ಎಂಬ ಸಂಸ್ಥೆಯನ್ನು ಕಟ್ಟಿದುವು. ಯುರೋಪಿನಲ್ಲಿ ಹಸಿದಿದ್ದ ಕುಟುಂಬಗಳಿಗೆ ಆಹಾರದ ಪೆಟ್ಟಿಗೆಗಳನ್ನು ಕಳುಹಿಸುವುದು ಅದರ ಉದ್ದೇಶ. ಮೊದಲ ಪೆಟ್ಟಿಗೆಗಳು 1946ನೆಯ ಮೇ 11ರಂದು ಫ್ರಾನ್ಸಿನ ಲ ಆವ್ರ್ ಬಂದರನ್ನು ಮುಟ್ಟಿದುವು. ಅವು ಸೈನ್ಯದಲ್ಲಿ ಮಿಕ್ಕಿದ್ದ ಆಹಾರದ ಗಂಟುಗಳು. ಹತ್ತು ಸಿಪಾಯಿಗಳಿಗೆ ಒಂದು ದಿನಕ್ಕೆಂದು ಲೆಕ್ಕಹಾಕಿ ಕಟ್ಟಿದವು. ಹಸಿದ ಮನೆಗೆ ಅದೂ ಅಮೃತವೇ ಆಯಿತು. ಆದರೆ ಸಿಪಾಯಿಯ ಹೊಟ್ಟೆ ಬೇರೆ, ತಾಯಿ ಮಕ್ಕಳ ಸಂಸಾರ ಬೇರೆ. ಆ ದಾಸ್ತಾನು ಮುಗಿದ ಮೇಲೆ ಸಂಸ್ಥೆಯವರು ತಾವೇ ಯೋಚಿಸಿ ಪೆಟ್ಟಿಗೆಗಳನ್ನು ಕಟ್ಟತೊಡಗಿದರು: ಎಳೆಗೂಸಿಗೆ ಬೇರೆ, ಚಳಿಯಲ್ಲಿರುವವರಿಗೆ ಕಂಬಳಿಯ ಪೆಟ್ಟಿಗೆ ಬೇರೆ, ಹಂದಿಯ ಮಾಂಸವನ್ನು ಮುಟ್ಟದ ಯಹೂದ್ಯರಿಗೆ ಬೇರೆ. ಕೊಡುವವನ ಕೈಯಲ್ಲಿ ಏನಿದೆ ಎಂಬ ಪ್ರಶ್ನೆಯಿಂದ ಹೊರಟ ಕಾರ್ಯವು ತೆಗೆದುಕೊಳ್ಳುವವನಿಗೆ ಏನು ಬೇಕು ಎಂಬ ಪ್ರಶ್ನೆಗೆ ಬಂದು ನಿಂತಿತು. ದಾನದ ಇತಿಹಾಸದಲ್ಲಿ ಇದು ಸಣ್ಣ ಪ್ರಯಾಣವಲ್ಲ.

ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. 1948ರಲ್ಲಿ ರಷ್ಯದವರು ಪಶ್ಚಿಮ ಬರ್ಲಿನ್ನಿನ ದಾರಿಗಳನ್ನು ಕಟ್ಟಿದಾಗ, ಊರಿಗೆ ಬೇಕಾದ ಹಿಟ್ಟು ಕಲ್ಲಿದ್ದಲುಗಳನ್ನೆಲ್ಲ ವಿಮಾನಗಳಲ್ಲಿ ಒಯ್ಯಬೇಕಾಯಿತು. ಗೇಲ್ ಹಾಲ್ವರ್ಸನ್ ಎಂಬ ಅಮೆರಿಕದ ವೈಮಾನಿಕನು ಒಂದು ದಿನ ಟೆಂಪಲ್‌ಹೋಫ್ ನಿಲ್ದಾಣದ ಬೇಲಿಯ ಬಳಿ ಮಕ್ಕಳ ಗುಂಪೊಂದನ್ನು ಕಂಡನು. ಆ ಮಕ್ಕಳು ಮಾತನಾಡಿದರೇ ಹೊರತು ಏನನ್ನೂ ಬೇಡಲಿಲ್ಲ. ಅದೇ ಅವನ ಮನಸ್ಸಿಗೆ ತಾಗಿತು. ಜೇಬಿನಲ್ಲಿದ್ದ ಅಗಿಯುವ ಮಿಠಾಯಿಯ ಎರಡು ಕಡ್ಡಿಗಳನ್ನು ಮುರಿದು ಕೊಟ್ಟನು. ಚೂರು ಸಿಕ್ಕದ ಮಕ್ಕಳು ಜಗಳವಾಡಲಿಲ್ಲ. ಸುತ್ತಿದ್ದ ಕಾಗದವನ್ನು ಹರಿದು ಹಂಚಿಕೊಂಡು ಅದರ ವಾಸನೆಯನ್ನು ನೋಡಿದರು. ಮರುದಿನ ವಿಮಾನದ ರೆಕ್ಕೆಗಳನ್ನು ಅಲುಗಿಸಿ ಗುರುತು ತೋರಿಸುವೆನೆಂದು ಮಾತುಕೊಟ್ಟು, ಕರವಸ್ತ್ರಗಳಿಗೆ ಮಿಠಾಯಿಯನ್ನು ಕಟ್ಟಿ ಮೇಲಿನಿಂದ ಇಳಿಯಬಿಟ್ಟನು. ಅದು ಆಗ ಮೇಲಧಿಕಾರಿಗಳ ಅಪ್ಪಣೆಯಿಲ್ಲದ ಕೆಲಸ. ತಿಳಿದಮೇಲೆ ಅವರೂ ಒಪ್ಪಿದರು. ಅಮೆರಿಕದ ಚಿಕಪೀ ಎಂಬ ಊರಿನ ಶಾಲೆಯ ಮಕ್ಕಳು ಆ ಪುಟ್ಟ ಕೊಡೆಗಳನ್ನು ಕಟ್ಟುವ ಕೆಲಸಕ್ಕೆ ಕೈಕೊಟ್ಟರು. ಒಟ್ಟಿನಲ್ಲಿ 20 ಟನ್ನಿಗೂ ಮೀರಿದ ಮಿಠಾಯಿಯು ಆ ಊರಿನ ಮೇಲೆ ಇಳಿಯಿತು. ಹಿಟ್ಟು ಬದುಕಿಸಿತು, ಆದರೆ ತಮ್ಮನ್ನು ಯಾರೋ ನೆನೆಯುತ್ತಿದ್ದಾರೆಂಬುದನ್ನು ಆ ಮಕ್ಕಳಿಗೆ ತಿಳಿಸಿದ್ದು ಆ ಕರವಸ್ತ್ರ.

ಇನ್ನು ನಮ್ಮ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ನಾವು ಕೆಲವರು ಸ್ನೇಹಿತರು ಸೇರಿ, ಇಂಥ ಪದ್ಧತಿಯನ್ನು ಕೇಳಿ ಮೆಚ್ಚಿ, ದೀಪಾವಳಿಗೆಂದು ಒಂದು ಅನಾಥಾಲಯದ ಮಕ್ಕಳಿಗೆ ಪೆಟ್ಟಿಗೆಗಳನ್ನು ಕಟ್ಟಿದೆವು. ಹೊಸದನ್ನು ಕೊಂಡದ್ದೂ ಉಂಟು. ಆದರೆ ಮನೆಯಲ್ಲಿ ಮಕ್ಕಳು ಬೆಳೆದು ಬಿಟ್ಟಿದ್ದ ಸಾಮಾನುಗಳೂ ಇದ್ದುವಷ್ಟೆ. ಸುಮ್ಮನೆ ಬಿದ್ದಿವೆ, ಯಾರಿಗಾದರೂ ಆಗಲೆಂದು ಅವನ್ನೂ ಸೇರಿಸಿದೆವು. ಅವುಗಳಲ್ಲಿ ತುಂಡುತುಂಡಾದ ರಟ್ಟುಗಳನ್ನು ಜೋಡಿಸಿ ಚಿತ್ರಮಾಡುವ ಆಟದ ಸಾಮಾನು ಒಂದಿತ್ತು. ಹಬ್ಬ ಕಳೆದು ಎರಡು ದಿನಗಳ ಮೇಲೆ ಅಲ್ಲಿಗೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವ ಅಮ್ಮನವರು ನಮ್ಮನ್ನು ಪಕ್ಕಕ್ಕೆ ಕರೆದರು. ಆ ಪೆಟ್ಟಿಗೆಯು ಏಳು ವರ್ಷದ ಒಂದು ಹುಡುಗಿಗೆ ಸೇರಿತ್ತು. ಅವಳು ಹಬ್ಬದ ದಿನವೇ ಚಿತ್ರವನ್ನು ಜೋಡಿಸಿದಳು. ಎರಡು ತುಂಡು ಕಡಮೆಯಾದುವು. ಅವು ಮೊದಲೇ ಇರಲಿಲ್ಲವೆಂಬುದು ಅವಳಿಗೆ ಹೇಗೆ ಹೊಳೆಯಬೇಕು? ತಾನೇ ಕಳೆದೆನೆಂದು ಹೆದರಿ, ಉಳಿದ ಮಕ್ಕಳು ಅಂಗಳದಲ್ಲಿ ಸುರುಸುರುಬತ್ತಿ ಹಚ್ಚುತ್ತಿದ್ದಾಗ, ಹಾಸಿಗೆಗಳ ಕೆಳಗೆ ತೆವಳಿಕೊಂಡು ಹುಡುಕುತ್ತಿದ್ದಳಂತೆ. ಯಾರೊಡನೆಯೂ ಹೇಳಲಿಲ್ಲ. "ಕೊಟ್ಟವರಿಗೆ ತಿಳಿದರೆ ಬೈಯುತ್ತಾರೆಯೇ, ಅಮ್ಮ?" ಎಂದು ರಾತ್ರಿ ಮಲಗುವಾಗ ಕೇಳಿದಳಂತೆ.

ಅಮ್ಮನವರು ನಮ್ಮನ್ನು ಆಕ್ಷೇಪಿಸಲಿಲ್ಲ. ಆ ಮಾತನ್ನು ಹೇಳಿ ಸುಮ್ಮನಾದರು. ಅದಕ್ಕಿಂತ ದೊಡ್ಡ ಶಿಕ್ಷೆ ನಮಗೆ ಬೇಕಾಗಿರಲಿಲ್ಲ. ಒಂದು ಸಂಜೆಯ ಸಂತೋಷವನ್ನು ಕೊಡಹೊರಟ ನಾವು ಒಂದು ಹಬ್ಬವನ್ನೇ ಕಸಿದುಕೊಂಡಿದ್ದೆವು.

ಆ ರಾತ್ರಿ ನಮಗೆ ಕಠೋಪನಿಷತ್ತಿನ ಆರಂಭವು ನೆನಪಾಯಿತು. ಸರ್ವಸ್ವವನ್ನೂ ಕೊಡುವ ಯಜ್ಞದಲ್ಲಿ ತಂದೆಯು ಮುದಿಯಾಗಿ ಬತ್ತಿಹೋದ ಗೋವುಗಳನ್ನು ದಾನಕ್ಕೆ ಹೊಡೆದುಕೊಡುತ್ತಾನೆ. ಅದು ದಾನವಲ್ಲವೆಂದು ಮನಸ್ಸಿನಲ್ಲಿ ನೊಂದುಕೊಳ್ಳುವವನು ಹಿರಿಯನಲ್ಲ, ಪಂಡಿತನಲ್ಲ, ಬಾಲಕನಾದ ನಚಿಕೇತ. ತಾನು ಬೇಡವೆಂದದ್ದನ್ನು ಕೊಟ್ಟು ಕೊಟ್ಟೆನೆಂದುಕೊಳ್ಳುವ ಕಪಟವನ್ನು ಮಗುವಿನ ಕಣ್ಣು ಬೇಗ ಕಾಣುತ್ತದೆ. ಕಂಡರೂ, ನಮ್ಮ ಹುಡುಗಿಯಂತೆ, ತಪ್ಪನ್ನು ತನ್ನ ಮೇಲೆಯೇ ಹಾಕಿಕೊಳ್ಳುವುದೂ ಉಂಟು.

ಈ ವಿದ್ಯೆಗಾಗಿ ನಾವು ಹೊರಗೆ ಹೋಗಬೇಕಾಗಿಯೂ ಇರಲಿಲ್ಲ. ಗೌರಿಹಬ್ಬದ ಬಾಗಿನವನ್ನು ನಮ್ಮ ಮನೆಗಳಲ್ಲಿ ಯಾರು ಕಂಡಿಲ್ಲ? ಹೊಸ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆಯ ಕಣ, ಬಳೆ, ಕನ್ನಡಿ, ಬಾಚಣಿಗೆ, ಅರಿಸಿನ ಕುಂಕುಮಗಳನ್ನಿಟ್ಟು, ಮೇಲೆ ಇನ್ನೊಂದು ಮೊರವನ್ನು ಮುಚ್ಚಿ, ಸೆರಗನ್ನು ಹೊದಿಸಿ ಕೊಡುತ್ತಾರೆ. ಅದರಲ್ಲಿ ಹಳೆಯ ಬಾಚಣಿಗೆಯನ್ನಿಟ್ಟ ಮುತ್ತೈದೆಯನ್ನು ನಾವು ಕೇಳಿಲ್ಲ. ಒಂದು ಸಾಮಾನು ಕಡಮೆಯಾದರೆ ಅಜ್ಜಿಯು ಕೊಡಗೊಡಳು. ತೆಗೆದುಕೊಳ್ಳುವವಳು ಬಡವಳಾಗಲಿ ಬಲ್ಲಿದಳಾಗಲಿ, ಆ ಗಳಿಗೆಯಲ್ಲಿ ಅವಳು ಗೌರಿ. ಪೆಟ್ಟಿಗೆ ಕಟ್ಟುವ ಶಾಸ್ತ್ರವೆಲ್ಲ ಇದರಲ್ಲಿ ಅಡಗಿದೆ.

ಇಂಥ ಕಾರ್ಯಕ್ಕೆ ಆಕ್ಷೇಪಣೆಗಳಿಲ್ಲವೆಂದಲ್ಲ. ದೂರದೇಶಕ್ಕೆ ಸಾಮಾನುಗಳನ್ನು ಸಾಗಿಸುವ ವೆಚ್ಚದಲ್ಲಿ ಅಲ್ಲಿಯೇ ಹೆಚ್ಚು ಸಾಮಾನುಗಳನ್ನು ಕೊಳ್ಳಬಹುದು, ಅಲ್ಲಿಯ ಅಂಗಡಿಯವನೂ ಬದುಕುತ್ತಾನೆ ಎಂಬುದು ಒಂದು. ಇದು ನ್ಯಾಯವಾದ ಮಾತು. ಆದ್ದರಿಂದ ನಮ್ಮಂಥವರು ನಮ್ಮ ಊರಿನ ಮಕ್ಕಳಿಗೆ ನಮ್ಮ ಊರಿನ ಅಂಗಡಿಯಿಂದಲೇ ಕೊಳ್ಳುವುದು ಲೇಸು. ಉಡುಗೊರೆಯೊಡನೆ ಮತಬೋಧೆಯನ್ನು ಸೇರಿಸುವುದು ಉಚಿತವೇ ಎಂಬುದು ಇನ್ನೊಂದು. ಪಾದರಕ್ಷೆಯ ಪೆಟ್ಟಿಗೆಗಳ ವಿಷಯದಲ್ಲಿ ಈ ಚರ್ಚೆಯು ಇಂಗ್ಲೆಂಡಿನಲ್ಲಿಯೂ ನಡೆದಿದೆ. ಉಡುಗೊರೆಯು ಯಾವ ಋಣವನ್ನೂ ಹೊರಿಸಬಾರದೆಂಬುದು ನಮ್ಮ ಅಭಿಪ್ರಾಯ. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು: ಪರರು ಮಗುವಿಗೆ ಕೊಡುವುದನ್ನು ಕಂಡು, ತಾನು ಕೊಡಲಾರದ ತಂದೆಯ ಮನಸ್ಸು ಏನಾದೀತು? ತಂದೆತಾಯಿಗಳಿರುವ ಮಗುವಾದರೆ ಪೆಟ್ಟಿಗೆಯನ್ನು ಹಬ್ಬದ ಮುನ್ನಾದಿನ ಅವರ ಕೈಗೆ ಕೊಟ್ಟುಬಿಡುವುದೇ ಇದಕ್ಕೆ ಉತ್ತರ. ಅವರೇ ಕೊಡಲಿ; ನಮ್ಮ ಹೆಸರು ಅದರಲ್ಲಿ ಬೇಕಾಗಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಪೆಟ್ಟಿಗೆ ಹಿಡಿಸಿ, ಛಾಯಾಚಿತ್ರ ತೆಗೆಸುವುದಂತೂ ಕೂಡದು.

ಕೊನೆಯದಾಗಿ ಕೆಲವು ಸೂಚನೆಗಳು. ಒಬ್ಬರು ಒಂದು ಮಗುವಿಗೆ ಮಾತ್ರ ಕಟ್ಟಿರಿ. ಹತ್ತಕ್ಕೆ ಕಟ್ಟಿದರೆ ಹತ್ತೂ ಒಂದೇ ತೆರನಾಗುತ್ತವೆ. ಸಾಧ್ಯವಾದರೆ ಹೆಸರನ್ನು ಕೇಳಿ ತಿಳಿದು, ಆ ಹೆಸರನ್ನು ಕೈಬರಹದಲ್ಲಿ ಮುಚ್ಚಳದ ಮೇಲೆ ಬರೆಯಿರಿ. ತನ್ನ ಹೆಸರು ಬರೆದ ಪೆಟ್ಟಿಗೆಯನ್ನು ಎಂದೂ ಕಾಣದ ಮಕ್ಕಳಿದ್ದಾರೆ. ಪೆನ್ಸಿಲಿನೊಡನೆ ಅದನ್ನು ಕೆತ್ತುವ ಸಾಧನವನ್ನೂ ಇಡಿರಿ. ಚೆಂಡಿಗೆ ಗಾಳಿ ತುಂಬಬೇಕಾದರೆ ಪಂಪನ್ನೂ ಇಡಿರಿ. ನಿಮ್ಮ ಮನೆಯ ಮಗುವನ್ನೂ ಹತ್ತಿರ ಕೂರಿಸಿಕೊಳ್ಳಿರಿ. ತನಗೆ ಇಷ್ಟವಾದದ್ದನ್ನು ಇನ್ನೊಂದು ಮಗುವಿಗಾಗಿ ಆರಿಸುವುದು ಪಾಠಶಾಲೆಯಲ್ಲಿ ಕಲಿಸುವ ವಿದ್ಯೆಯಲ್ಲ.

ಮುಚ್ಚಳವನ್ನು ಮುಚ್ಚುವ ಮೊದಲು ಒಂದು ಸಲ ಎಣಿಸಿ ನೋಡಿರಿ. ನಾವು ಈಗ ಪ್ರತಿ ವರ್ಷವೂ ಎಣಿಸುತ್ತೇವೆ. ಆ ಹುಡುಗಿಗೆ ಮರುವಾರವೇ ಹೊಸ ಚಿತ್ರವೊಂದನ್ನು ಕೊಂಡು ಒಯ್ದೆವು, ತಪ್ಪು ನಮ್ಮದೆಂದೂ ಹೇಳಿದೆವು. ಅವಳು ನಕ್ಕು, ನಮ್ಮೆದುರಿಗೇ ಕುಳಿತು ಜೋಡಿಸಿ, ಕೊನೆಯ ತುಂಡನ್ನು ನಮ್ಮ ಕೈಗೆ ಕೊಟ್ಟಳು.