ಪೋಡಿನಿಂದ ಪಿಎಚ್.ಡಿ.ಗೆ

ಗುಂಡ್ಲುಪೇಟೆಯ ಬಂಡೀಪುರಕ್ಕೂ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೂ ಸಂಶೋಧಕರು ಬರುತ್ತಲೇ ಇದ್ದಾರೆ. ಬೆಟ್ಟದ ಸೋಲಿಗರು ಬಹುಕಾಲ ಅವರಿಗೆ ದಾರಿ ತೋರುವವರು, ಮಾಹಿತಿ ಕೊಡುವವರು ಮಾತ್ರ ಆಗಿದ್ದರು. ಸಿ. ಮಾದೇಗೌಡರು ಆ ಸಮುದಾಯದಲ್ಲಿ ಮೊದಲಿಗರಾಗಿ ಪಿಎಚ್.ಡಿ. ಪಡೆದು ಈ ಸ್ಥಿತಿಯನ್ನು ಬದಲಿಸಿದರು.

ಇದು ಕೇವಲ ಗೌರವದ ಮಾತಲ್ಲ. ಹಿಂದೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಕಾಡಿನಲ್ಲಿ ಲಂಟಾನ ಹಬ್ಬಿತೆಂದು ಸೋಲಿಗರ ಹಿರಿಯರು ಹೇಳುತ್ತಾರೆ. ಅದನ್ನು ಅಳೆದು, ಪರೀಕ್ಷಿಸಿ ನೋಡುವುದೇ ಸಂಶೋಧನೆ. ಆ ಕೆಲಸಕ್ಕೆ ಕಾಡು ಬಲ್ಲ ಮಕ್ಕಳೇ ಇಳಿದರೆ ವಿಜ್ಞಾನಕ್ಕೂ ಲಾಭ, ಕಾಡಿಗೂ ಲಾಭ.

ಪರಿಶಿಷ್ಟ ಪಂಗಡದ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ವರ್ಷಕ್ಕೆ 750 ಫೆಲೋಶಿಪ್‌ಗಳನ್ನು ಇರಿಸಿದೆ. ಸ್ನಾತಕೋತ್ತರ ಪದವಿ ಬೇಕು. ನಿಮ್ಮೂರಿನಲ್ಲಿ ಎಂ.ಎ., ಎಂ.ಎಸ್ಸಿ. ಮುಗಿಸಿದ ಅಂಥ ಮಕ್ಕಳಿದ್ದರೆ ದಯವಿಟ್ಟು ಈ ಸುದ್ದಿ ಮುಟ್ಟಿಸಿ.