ಹೊತ್ತು ಬದಲಿಸಿದ ಗುಡ್ಡದ ಪ್ರಾಣಿಗಳು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದು ಹೆಡ್ ಮಾಸ್ಟರ್ ಸರ್ ಹೇಳಿದ್ದರು. ಅದು ಈ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಬಿಸಿಲಿನ ಬಗ್ಗೆ ಮಾತಾಡುತ್ತೇನೆ.

ಏಪ್ರಿಲ್, ಮೇ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಶಹಾಬಾದಿನ ಕಲ್ಲಿನ ಖಣಿಗಳಲ್ಲಿ ದುಡಿಯುವವರು ನಸುಕಿನಲ್ಲೇ ಸುತ್ತಿಗೆ ಹಿಡಿಯುತ್ತಾರೆ. ಮೈ ಬದಲಿಸಲು ಆಗುವುದಿಲ್ಲ, ಹೊತ್ತು ಬದಲಿಸುತ್ತೇವೆ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಹಾರ್ಡ್‌ವೇರ್ ಅದೇ ಇದೆ, ಸಾಫ್ಟ್‌ವೇರ್ ಮಾತ್ರ ಬೇರೆ. ಬೆಟ್ಟದ ಪ್ರಾಣಿಗಳೂ ಈಗ ಇದನ್ನೇ ಮಾಡುತ್ತಿವೆ.

ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಐಬೆಕ್ಸ್ ಎಂಬ ಕಾಡು ಆಡು ಇದೆ. ಉದ್ದನೆಯ ಬಾಗಿದ ಕೊಂಬು, ಚಳಿ ತಡೆಯಲು ದಪ್ಪ ಮೈ. ಹಗಲು ಮೇಯುವ ಪ್ರಾಣಿ. ಇಟಲಿ ಮತ್ತು ಸ್ವಿಟ್ಜರ್‌ಲೆಂಡಿನಲ್ಲಿ ಇವುಗಳ ಕೊರಳಿಗೆ ಪಟ್ಟಿ ಕಟ್ಟಿ, ಹಲವು ವರ್ಷ ಓಡಾಟವನ್ನು ದಾಖಲಿಸಿದರು. ಸೆಕೆ ಹೆಚ್ಚಿದ ದಿನಗಳಲ್ಲಿ ಅವು ರಾತ್ರಿ ಹೆಚ್ಚು ಓಡಾಡುತ್ತಿದ್ದವು. ತೋಳಗಳಿರುವ ಕಡೆಯೂ ಹಾಗೆಯೇ! ಕತ್ತಲಲ್ಲಿ ಕಡಿದಾದ ಬಂಡೆಯ ಮೇಲೆ ಕಾಲಿಡುವುದು, ತೋಳ ತಿರುಗುವ ಹೊತ್ತಿನಲ್ಲಿ ಹೊರಗಿರುವುದು ಸಣ್ಣ ಮಾತಲ್ಲ. ಬಿಸಿಲು ಅವಕ್ಕೆ ಎಷ್ಟು ಕಷ್ಟವಾಗಿರಬೇಕು ಎಂದು ನೀವೇ ಯೋಚಿಸಿ.

ಅಮೆರಿಕದ ಬೆಟ್ಟಗಳಲ್ಲಿ ಮೊಲದ ಬಳಗದ ಪೀಕಾ ಎಂಬ ಪುಟ್ಟ ಪ್ರಾಣಿ ಇದೆ. ಬಯಲಲ್ಲಿ ಕೆಲವು ಗಂಟೆ ಸಿಕ್ಕಿಬಿದ್ದರೆ 25–26 ಡಿಗ್ರಿ ಬಿಸಿಯೇ ಅದರ ಪ್ರಾಣಕ್ಕೆ ಅಪಾಯ. ನಮಗೆ ಅದು ಶಾಲು ಹೊದೆಯುವ ಹವೆ! ಅದು ಕಲ್ಲುಗಳ ಸಂದಿಯ ತಂಪಿಗೆ ಇಳಿದು ಕೂರುತ್ತದೆ. ಅಲ್ಲಿನ ಬೆಟ್ಟದ ಬಿಳಿ ಆಡುಗಳು ಬೇಸಿಗೆಯಲ್ಲಿ ಉಳಿದ ಹಿಮದ ತುಣುಕುಗಳ ಬಳಿ ಮಲಗುತ್ತವೆ. ಆ ಹಿಮವೇ ವರ್ಷವರ್ಷ ಕಡಿಮೆಯಾಗುತ್ತಿದೆ.

ಇನ್ನೊಂದು ದಾರಿ ಮೇಲಕ್ಕೆ ಏರುವುದು. ನಮ್ಮ ದಕ್ಷಿಣದ ನೀಲಗಿರಿ ತಾಹ್ರ್ ಎಂಬ ಕಾಡು ಆಡು ಕೇರಳ, ತಮಿಳುನಾಡಿನ ಎತ್ತರದ ಹುಲ್ಲುಗಾವಲುಗಳಲ್ಲಿದೆ. ಮಧ್ಯಾಹ್ನ ಬಂಡೆಯ ನೆರಳಿಗೆ ಹೋಗುತ್ತದೆ. ಆದರೆ ಆನಮುಡಿಯ ಎತ್ತರ 2,695 ಮೀಟರ್. ದಕ್ಷಿಣ ಭಾರತದಲ್ಲಿ ಅದಕ್ಕಿಂತ ಮೇಲೆ ನೆಲವೇ ಇಲ್ಲ. ಅಲ್ಲಿಂದ ಅದು ಎಲ್ಲಿಗೆ ಏರಬೇಕು?

ಈಗ ನಮ್ಮೂರ ಕಡೆ ಬರೋಣ. ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ಆಲ್ಪ್ಸಿನ ಮುಂದೆ ಅವು ಗುಡ್ಡಗಳೇ ಅಲ್ಲ ಎನ್ನಬಹುದು, ಇರಲಿ. ಅಲ್ಲಿ ತೋಳ, ಕತ್ತೆಕಿರುಬ, ನರಿ, ಚಿಗರಿ, ಕೊಂಡಕುರಿ ಇವೆ. ಇವುಗಳಿಗೆ ಏರಿ ಹೋಗಲು ಎತ್ತರವಿಲ್ಲ, ಹಿಮವಂತೂ ಇಲ್ಲ. ಉಳಿದಿರುವುದು ನೆರಳು, ನೀರು, ರಾತ್ರಿ.

ಆ ರಾತ್ರಿಯಲ್ಲಿ ನಾವೂ ಇದ್ದೇವೆ. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಬಂದರೆ ನಮ್ಮ ರೈತರು ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಲೇಬೇಕು. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಕಾಡಿನ ಪ್ರಾಣಿಗೂ ಹೊಲದ ನೀರೇ ಗತಿ. ಸೆಕೆ ಏರಿದಷ್ಟೂ ಅವುಗಳ ಹೊತ್ತು, ನಮ್ಮ ಹೊತ್ತು ಒಂದೇ ಆಗುತ್ತದೆ. ಕಾಡಿನೊಳಗೇ ನೀರು ಇರಬೇಕು, ರೈತನಿಗೆ ಹಗಲು ಕರೆಂಟು ಬೇಕು. ಇವೆರಡೂ ಬೇರೆ ಬೇರೆ ಇಲಾಖೆಯ ಕೆಲಸ ಎನ್ನುತ್ತಾರೆ. ನನಗೆ ಒಂದೇ ಕೆಲಸವಾಗಿ ಕಾಣುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಸೇಡಂ, ಚಿತ್ತಾಪುರ, ವಾಡಿ ಕಡೆಯ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟದ್ದು ಸಿಮೆಂಟು. ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಕಲ್ಲಿದ್ದಲಿನ ಹೊಗೆ ಬೇರೆ. ಭೂಮಿ ಬಿಸಿಯಾಗಲು ಅದೂ ಒಂದು ಕಾರಣ. ಕಾರ್ಖಾನೆ ಮುಚ್ಚಿ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ನಾನು ಕೆಲಸ ಮಾಡುವ ಕಟ್ಟಡವೂ ಸಿಮೆಂಟಿನದೇ, ಅಲ್ಲಿನ ಸರ್ವರ್‌ಗಳನ್ನು ತಂಪಾಗಿಡಲು ಹಗಲು ರಾತ್ರಿ ಏಸಿ ಓಡುತ್ತದೆ.

ಮಕ್ಕಳೇ, ನಿಮಗೊಂದು ಕೆಲಸ. ವಿಜ್ಞಾನದ ಕೋಣೆಯಲ್ಲಿ ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್ ಇಡಿ. ಫೆಬ್ರುವರಿಯಿಂದ ಜೂನ್‌ವರೆಗೆ ದಿನದ ಬಿಸಿ ಬರೆಯಿರಿ. ಪಕ್ಕದಲ್ಲಿ, ಹೊಲಕ್ಕೆ ಹೋದ ಅಪ್ಪ, ಕುರಿ ಕಾಯುವ ಕಾಕಾ ಯಾವ ಪ್ರಾಣಿಯನ್ನು ಎಷ್ಟು ಗಂಟೆಗೆ, ಯಾವ ಹಳ್ಳದ ಹತ್ತಿರ ಕಂಡರು ಎಂಬುದನ್ನೂ ಬರೆಯಿರಿ. ಹತ್ತು ವರ್ಷ ತುಂಬಿದ ಮೇಲೆ ಅದನ್ನು ಕಂಪ್ಯೂಟರಿಗೆ ಹಾಕಿ ಲೆಕ್ಕ ಮಾಡಿಕೊಡುವ ಜವಾಬ್ದಾರಿ ನನ್ನದು. ಮೊದಲ ನೋಟ್‌ಬುಕ್ಕನ್ನು ಇವತ್ತೇ ತಂದಿದ್ದೇನೆ. ವಿಜ್ಞಾನದ ಸರ್ ಕೈಗೆ ಕೊಡುತ್ತೇನೆ.