ಮೊಣಕಾಲಿನ ನೀರು, ಡಬ್ಬಿಯಲ್ಲಿನ ಮಲ: ಸ್ಯಾಂಪಲ್‌ಗೂ ಒಂದು ಗಡಿಯಾರ ಇರ್ತದೆ

ಇಯರ್‌ಫೋನ್ ಹಾಕ್ಕೊಂಡು ಊಟಕ್ಕೆ ಕೂತಿದ್ರೆ ಮೊದಲು ಊಟ ಮುಗಿಸ್ರಿ, ಆಮೇಲೆ ಈ ಎಪಿಸೋಡ್ ಕೇಳ್ರಿ. ಯಾಕಂದ್ರೆ ಇವತ್ತಿನ ವಿಷಯ ಮಲ ಪರೀಕ್ಷೆ, ಜೊತೆಗೆ ಕೀಲಿನ ನೀರಿನ ಪರೀಕ್ಷೆ. ಎರಡಕ್ಕೂ ಏನಪ್ಪಾ ಸಂಬಂಧ ಅಂತೀರಿ. ಸಂಬಂಧ ಅದೆ, ಸ್ವಲ್ಪ ತಡೀರಿ, ಬರ್ತೀನಿ.

ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಸೂಪರ್ ಮಾರ್ಕೆಟ್ ಕಡೆ ನಿಂತು ನೋಡ್ರಿ. ಸಿಟಿ ಬಸ್ಸು, ಆಟೋ, ಅಂಗಡಿ ಶಟರ್ ಎತ್ತೋ ಸದ್ದು. ಆ ಗದ್ದಲದಲ್ಲೇ ಕಪ್ಪು ಕ್ಯಾರಿಬ್ಯಾಗ್ ಹಿಡ್ಕೊಂಡು, ಯಾರೂ ಕೇಳಬಾರದು ಅನ್ನೋ ಮುಖ ಮಾಡ್ಕೊಂಡು, ಲ್ಯಾಬ್ ಹುಡುಕುವವರು ಒಬ್ಬಿಬ್ಬರು ಸಿಕ್ಕೇ ಸಿಗ್ತಾರೆ. ನಮ್ಮ ಪರಿಚಯದ ಒಬ್ಬ ಹಿರಿಯರು ಕಮಲಾಪುರದಿಂದ ಹಿಂಗೇ ಬಂದಿದ್ರು. ಕೆಂಪು ಬಾಳೆಗೆ ಹೆಸರಾದ ಊರು, ಇಲ್ಲಿಂದ 35-40 ಕಿಲೋಮೀಟರ್, ಹುಮನಾಬಾದ್ ರಸ್ತೆ. ನಸುಕಿನ ಐದಕ್ಕೆ ಡಬ್ಬಿಗೆ ಹಾಕಿಟ್ಟಿದ್ದು, ಬಸ್ಸಿಗೆ ಕಾದು, ಇಳಿದು, ಚಹಾ ಕುಡಿದು, ಲ್ಯಾಬ್ ಕೌಂಟರ್ ಮುಟ್ಟಿದಾಗ ಹತ್ತೂವರೆ. ಏಪ್ರಿಲ್ ತಿಂಗಳು. ನಮ್ಮ ಕಲಬುರಗಿ ಬಿಸಿಲು ನಿಮಗೆ ಹೇಳ್ಬೇಕಾ, 40 ಡಿಗ್ರಿ ದಾಟಿರ್ತದೆ. ರಿಪೋರ್ಟ್ ಬಂತು: ಏನೂ ಕಾಣಲಿಲ್ಲ. ಅವರು ಖುಷಿ. ಭೇದಿ ಮಾತ್ರ ನಿಲ್ಲಲಿಲ್ಲ.

ಇವತ್ತು ನಾನು ಹೇಳಬೇಕಾದ್ದು ಇದೇ. ಲ್ಯಾಬ್ ರಿಪೋರ್ಟ್ ಮೆಷಿನ್‌ನಲ್ಲಿ ಹುಟ್ಟೋದಿಲ್ಲ, ಸ್ಯಾಂಪಲ್‌ನಲ್ಲಿ ಹುಟ್ತದೆ. ನಾನು ಬಿ.ಕಾಂ. ಓದಿದವ, ಡಾಕ್ಟರ್ ಅಲ್ಲ. ಆದ್ರೆ ಕಾಮರ್ಸ್‌ನವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ವೋಚರ್‌ನಲ್ಲೇ ಮೊತ್ತ ತಪ್ಪಿದ್ರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ತದೆ. ಕಾಗದ ನೀಟಾಗಿ ಕಾಣ್ತದೆ, ಲೆಕ್ಕ ಮಾತ್ರ ಸುಳ್ಳು.

ಮೊದಲು ಮಲದ ವಿಷಯ ಮುಗಿಸೋಣ. ಆಮಶಂಕೆ ತರೋ ಅಮೀಬಾ ಇದೆಯಲ್ಲ, ಅದು ನೀರು ನೀರಾದ ಮಲದಲ್ಲಿ ಜೀವಂತ ಓಡಾಡೋ ರೂಪದಲ್ಲಿ ಇರ್ತದೆ. ಹೊರಗೆ ಬಂದ ಮೇಲೆ ಅದರ ಆಯುಷ್ಯ ಬಹಳ ಕಡಿಮೆ. ತೆಳು ಭೇದಿ ಆದ್ರೆ ಅರ್ಧ ತಾಸಿನೊಳಗೆ ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕು ಅಂತಾರೆ. ಗಟ್ಟಿ ಮಲದಲ್ಲಿ ಇರೋದು ಹುಳದ ಮೊಟ್ಟೆ, ಸಿಸ್ಟ್, ಇವು ಗಟ್ಟಿಮುಟ್ಟು, ಕೆಲವು ತಾಸು ತಡೀತವೆ. ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಕಲ್ಚರ್ ಪರೀಕ್ಷೆಗೆ ಸುಮಾರು ಎರಡು ತಾಸಿನ ಗಡುವು. ತಡ ಆಗೋದಾದ್ರೆ ಕ್ಯಾರಿ-ಬ್ಲೇರ್ ಅಂತ ಒಂದು ಮಾಧ್ಯಮ ಇದೆ, ಅದರಲ್ಲಿ ಹಾಕಿ ಕಳಿಸಿದ್ರೆ ರೋಗಾಣು ಬದುಕಿ ಬರ್ತದೆ. ನೀವು ಕೇಳದಿದ್ರೆ ಯಾರೂ ಆ ಬಾಟಲಿ ಕೊಡೋದಿಲ್ಲ. ಅದಕ್ಕೇ ಊರಿಂದ ಹೊರಡೋ ಹಿಂದಿನ ದಿನ ಲ್ಯಾಬ್‌ಗೆ ಒಂದು ಫೋನ್ ಮಾಡ್ರಿ. ಇಲ್ಲಾಂದ್ರೆ ಬೆಳಿಗ್ಗೆ ಸಿಟಿಗೆ ಬಂದು, ಲ್ಯಾಬ್‌ನ ಟಾಯ್ಲೆಟ್‌ನಲ್ಲೇ ಕೊಡ್ರಿ. ನಾಚಿಕೆ ಅಂತೀರಿ. ಕಪ್ಪು ಕ್ಯಾರಿಬ್ಯಾಗ್ ಹಿಡ್ಕೊಂಡು ಬಸ್‌ನಲ್ಲಿ ಬರೋದಕ್ಕಿಂತ ಅದು ವಾಸಿ.

ಡಬ್ಬಿ ಒಣಗಿದ್ದು, ಅಗಲ ಬಾಯಿದು ಇರಬೇಕು. ಕಮೋಡ್‌ನ ನೀರು, ಮೂತ್ರ ಎರಡೂ ಬೆರೆಯಬಾರದು, ಮೂತ್ರ ತಾಗಿದ್ರೆ ಅಮೀಬಾ ಸಾಯ್ತದೆ. ಹಳೇ ಉಪ್ಪಿನಕಾಯಿ ಡಬ್ಬಿ ತೊಳೆದು ತರೋರಿದ್ದಾರೆ, ದಯವಿಟ್ಟು ಬೇಡ. ಇನ್ನೊಂದು, ಪರೋಪಜೀವಿಗಳು ದಿನಾ ಹೊರಗೆ ಬರೋದಿಲ್ಲ. ಡಾಕ್ಟರ್ ಬೇರೆ ಬೇರೆ ದಿನ ಮೂರು ಸ್ಯಾಂಪಲ್ ಕೇಳಿದ್ರೆ ಅದು ಬಿಲ್ ಹೆಚ್ಚಿಸೋ ತಂತ್ರ ಅಂತ ತಿಳ್ಕೋಬೇಡ್ರಿ.

ಈಗ ಕೀಲಿಗೆ ಬರೋಣ. ನಮ್ಮ ಮೊಣಕಾಲಿನೊಳಗೆ ನೀರು ಇರೋದೇ ಸಹಜ, ಆದ್ರೆ ಎಷ್ಟು? ಒಂದು ಟೀ ಚಮಚಕ್ಕಿಂತ ಕಡಿಮೆ. ಕೋಳಿ ಮೊಟ್ಟೆಯ ಲೋಳೆ ಇದ್ದಂಗೆ ಇರ್ತದೆ. 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಅನ್ನೋ ವೈದ್ಯ ಅದಕ್ಕೆ ಸೈನೋವಿಯಾ ಅಂತ ಹೆಸರಿಟ್ಟಿದ್ದೇ ಆ ಮೊಟ್ಟೆ ಹೋಲಿಕೆಯಿಂದ. ಮೊಣಕಾಲು ಊದಿದಾಗ ಡಾಕ್ಟರ್ ಸೂಜಿ ಹಾಕಿ ಆ ನೀರು ತೆಗೀತಾರೆ. "ನೀರು ತೆಗೆಸಿದ್ರೆ ಮತ್ತೆ ಮತ್ತೆ ತುಂಬ್ತದೆ, ತೆಗೆಸಬೇಡ" ಅಂತ ಊರಲ್ಲಿ ಹೇಳೋರು ಬಹಳ. ತುಂಬೋದು ರೋಗದಿಂದ, ಸೂಜಿಯಿಂದ ಅಲ್ಲ.

ಮೊದಲ ಪರೀಕ್ಷೆಗೆ ಮೆಷಿನ್ನೇ ಬೇಡ, ಕಣ್ಣು ಸಾಕು. ಒಳ್ಳೆ ಕೀಲಿನ ನೀರಿನ ಟ್ಯೂಬ್ ಹಿಂದೆ ಪೇಪರ್ ಹಿಡಿದ್ರೆ ಅಕ್ಷರ ಓದಬಹುದು. ಸೂಜಿಯಿಂದ ಹನಿ ಬಿಟ್ರೆ ಎಳೆ ಎಳೆಯಾಗಿ ಉದ್ದಕ್ಕೆ ಇಳೀತದೆ. ಉರಿಯೂತ ಇದ್ರೆ ಮಬ್ಬು, ನೀರಿನಂಗೆ ಟಪಕ್ ಅಂತ ಬೀಳ್ತದೆ. ಆಮೇಲೆ ಬಿಳಿ ರಕ್ತಕಣಗಳ ಲೆಕ್ಕ. ಒಂದು ಮೈಕ್ರೋಲೀಟರ್‌ನಲ್ಲಿ 200ಕ್ಕಿಂತ ಕಡಿಮೆ ಇದ್ರೆ ಸಹಜ, 2,000 ದಾಟಿದ್ರೆ ಉರಿಯೂತ, 50,000 ದಾಟಿದ್ರೆ ಕೀಲಿನೊಳಗೆ ಸೋಂಕು ಇರಬಹುದು ಅಂತ ಡಾಕ್ಟರ್ ಎದ್ದು ಕೂರ್ತಾರೆ. ಇದು ಗೆರೆ ಕೊರೆದ ಲೆಕ್ಕ ಅಲ್ಲ. ಗೌಟ್ ಇದ್ರೂ 50,000 ದಾಟಬಹುದು, ಸೋಂಕು ಇದ್ರೂ ಕಡಿಮೆ ಬರಬಹುದು. ಮತ್ತೆ ಅದೇ ಗಡಿಯಾರ ನೋಡ್ರಿ: ಟ್ಯೂಬ್ ತಾಸುಗಟ್ಟಲೆ ಬಿದ್ದಿದ್ರೆ ಕಣಗಳು ಒಡೆದು ಲೆಕ್ಕ ಕೆಳಗಿಳೀತದೆ. 50,000 ಇದ್ದದ್ದು ಸಣ್ಣ ಸಂಖ್ಯೆಯಾಗಿ ಪ್ರಿಂಟ್ ಆಗ್ತದೆ.

ಗೌಟ್ ಅಂದೆ. ರಕ್ತದ ಯೂರಿಕ್ ಆಸಿಡ್ ಒಂದೇ ನೋಡಿ ಗೌಟ್ ಅನ್ನೋದು ನಮ್ಮಲ್ಲಿ ರೂಢಿ. ನೋವಿನ ದಾಳಿ ನಡೀತಿರುವಾಗ ಅದು ನಾರ್ಮಲ್ ಬರಬಹುದು. 1961ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹೊಲಾಂಡರ್ ಅನ್ನೋ ಇಬ್ಬರು ವೈದ್ಯರು ಪೋಲರೈಸ್ಡ್ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕೀಲಿನ ನೀರು ಇಟ್ಟು ನೋಡಿದ್ರು. ಯೂರೇಟ್ ಹರಳುಗಳು ಸೂಜಿ ಸೂಜಿಯಾಗಿ ಹೊಳೆದವು. ಇವತ್ತಿಗೂ ಗೌಟ್‌ಗೆ ಅದೇ ಗಟ್ಟಿ ಸಾಕ್ಷಿ. ಆ ಸೂಕ್ಷ್ಮದರ್ಶಕ ಎಲ್ಲ ಲ್ಯಾಬ್‌ನಲ್ಲೂ ಇರೋದಿಲ್ಲ, ಕೇಳಿ ತಿಳ್ಕೊಂಡೇ ಕೊಡ್ರಿ.

ಇಲ್ಲಿ ಸ್ವಲ್ಪ ಗಂಭೀರ ಆಗ್ತೀನಿ. ಒಂದೇ ಕೀಲು ದಿಢೀರ್ ಅಂತ ಊದಿ, ಕೆಂಪಾಗಿ, ಬಿಸಿಯಾಗಿ, ಜ್ವರ ಬಂದು, ಕಾಲು ಊರಕ್ಕೇ ಆಗ್ತಿಲ್ಲ ಅಂದ್ರೆ ಅದು ವಾಯು ಅಲ್ಲ, ತಂಪು ತಿಂದಿದ್ದಲ್ಲ. ಕೀಲಿನೊಳಗೆ ಕೀವು ಇರಬಹುದು. ಹಂಗಿದ್ರೆ ಮೃದ್ವಸ್ಥಿ ಕರಗೋದಕ್ಕೆ ವಾರಗಳು ಬೇಕಿಲ್ಲ, ದಿನಗಳು ಸಾಕು. ಆಮೇಲೆ ಕಾಲು ಮೊದಲಿನಂಗೆ ಮಡಚೋದಿಲ್ಲ. ನಮ್ಮ ಕಡೆ ಇಂಥ ಮೊಣಕಾಲಿಗೆ ಮೊದಲು ಸಿಗೋದು ಮೆಡಿಕಲ್ ಶಾಪ್‌ನ ಎರಡು ಆಂಟಿಬಯಾಟಿಕ್ ಮಾತ್ರೆ, ಇಲ್ಲಾ ಊರಿನವರ ಕೈಲಿ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಎರಡು ದಿನ ನೋವು ಕಡಿಮೆ ಆಗ್ತದೆ. ಆಮೇಲೆ ನೀರು ತೆಗೆದು ಕಲ್ಚರ್‌ಗೆ ಹಾಕಿದ್ರೆ ಏನೂ ಬೆಳೆಯೋದಿಲ್ಲ, ಯಾಕಂದ್ರೆ ಅರೆಬರೆ ಔಷಧಿ ರೋಗಾಣುವನ್ನ ಅಡಗಿಸಿರ್ತದೆ, ಕೊಂದಿರೋದಿಲ್ಲ. ಯಾವ ರೋಗಾಣು, ಯಾವ ಔಷಧಿಗೆ ಬಗ್ತದೆ ಅನ್ನೋ ಮಾಹಿತಿ ಹೋಯ್ತು. ಡಾಕ್ಟರ್ ಕುರುಡಾಗಿ ಔಷಧಿ ಕೊಡಬೇಕು. ಮೊದಲು ಸ್ಯಾಂಪಲ್, ಆಮೇಲೆ ಆಂಟಿಬಯಾಟಿಕ್. ಮಲದ ಕಲ್ಚರ್‌ಗೂ ಇದೇ ಕ್ರಮ. ಇಂಥ ಕಾಲು ಇಟ್ಕೊಂಡು ಲ್ಯಾಬ್ ಹುಡುಕ್ತಾ ತಿರುಗಬೇಡ್ರಿ, ಸೀದಾ ಜಿಮ್ಸ್ ಥರದ ದೊಡ್ಡ ಆಸ್ಪತ್ರೆಗೆ ಹೋಗ್ರಿ. ಅಲ್ಲಿ ನೀರು ತೆಗೆಯೋರೂ ಇರ್ತಾರೆ, ಲ್ಯಾಬ್ ಕೂಡ ಅದೇ ಆವರಣದಲ್ಲಿರ್ತದೆ.

ಈಗ ಸಂಬಂಧದ ಮಾತು. ನಿಮ್ಮ ವಯಸ್ಸಿನವರಿಗೇ, 20ರಿಂದ 40ರೊಳಗಿನವರಿಗೇ ಹೆಚ್ಚು ಬರೋ ಒಂದು ತೊಂದರೆ ಇದೆ, ರಿಯಾಕ್ಟಿವ್ ಆರ್ಥ್ರೈಟಿಸ್. ಕೆಟ್ಟ ನೀರು, ಕೆಟ್ಟ ಊಟದಿಂದ ಭೇದಿ ಆಗ್ತದೆ, ನಾಲ್ಕು ದಿನಕ್ಕೆ ವಾಸಿ, ಮರೆತೂ ಬಿಡ್ತೀರಿ. ಒಂದರಿಂದ ನಾಲ್ಕು ವಾರ ಬಿಟ್ಟು ಮೊಣಕಾಲೋ ಹಿಮ್ಮಡಿ ಗಂಟೋ ಊದ್ತದೆ. ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್, ಯೆರ್ಸಿನಿಯಾ, ಈ ನಾಲ್ಕು ಮುಖ್ಯ ಆರೋಪಿಗಳು. ಕೀಲಿನ ನೀರಿನಲ್ಲಿ ಬಿಳಿ ಕಣ ಸಾವಿರಗಟ್ಟಲೆ, ಆದ್ರೆ ಕಲ್ಚರ್‌ನಲ್ಲಿ ಏನೂ ಬೆಳೆಯೋದಿಲ್ಲ, ಯಾಕಂದ್ರೆ ಜಗಳ ಶುರುವಾಗಿದ್ದು ಕರುಳಿನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಫಿನ್ಲೆಂಡ್‌ನಲ್ಲಿ ಶಿಗೆಲ್ಲಾ ಆಮಶಂಕೆ ಹಬ್ಬಿದಾಗ, ಅದರ ಹಿಂದೆಯೇ ಕೀಲು ಊದಿದ 344 ಜನರ ವಿವರ ಪಾರೊನೆನ್ ಅನ್ನೋ ವೈದ್ಯ 1948ರಲ್ಲಿ ಬರೆದಿಟ್ಟ. ನಮ್ಮ ಪಕ್ಕದ ರಾಯಚೂರಿನಲ್ಲಿ 2022ರಲ್ಲಿ ಕಲುಷಿತ ನೀರು ಕುಡಿದು ವಾಂತಿ-ಭೇದಿಯಿಂದ ಜನ ಸತ್ತಿದ್ದು ನೆನಪಿದೆಯಲ್ಲ. ನಮ್ಮ ಭಾಗದಲ್ಲಿ ಭೇದಿ ಅಪರೂಪದ ಸುದ್ದಿ ಅಲ್ಲ. ಅದಕ್ಕೇ ಮೂಳೆ ಡಾಕ್ಟರ್ ಹತ್ರ ಹೋದಾಗ, ಅವರು ಕೇಳಲಿ ಬಿಡಲಿ, "ಹೋದ ತಿಂಗಳು ಭೇದಿ ಆಗಿತ್ತು" ಅಂತ ಹೇಳ್ರಿ.

ಇನ್ನೊಂದು ಮಾತು ಹೇಳಲೇಬೇಕು, ಕುರಿ, ಮೇಕೆ, ಹಸು ಸಾಕಿದವರ ಮನೆ ಹುಡುಗರಿಗೆ. ಬ್ರುಸೆಲ್ಲಾ. ಹಸಿ ಹಾಲಿನಿಂದ, ಕಂದು ಹಾಕಿದ ಪ್ರಾಣಿ ಮುಟ್ಟಿದ್ರಿಂದ ಬರೋ ರೋಗಾಣು. ಬಿಟ್ಟು ಬಿಟ್ಟು ಜ್ವರ, ಸೊಂಟ ನೋವು, ಕೀಲು ನೋವು. ನಮ್ಮ ನೆರೆಯ ವಿಜಯಪುರದಲ್ಲಿ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು 16 ವರ್ಷ ಈ ರೋಗದ ಬೆನ್ನು ಹತ್ತಿ, 495 ವಯಸ್ಕ ರೋಗಿಗಳ ಅನುಭವವನ್ನ 2006ರಲ್ಲಿ ಪ್ರಕಟಿಸಿದ್ರು. ಹುಡುಕಿದವರಿಗೆ ಸಿಕ್ತು, ಅಷ್ಟೇ. ಇದು ಕಲ್ಚರ್‌ನಲ್ಲಿ ನಿಧಾನ ಬೆಳೀತದೆ, ಎರಡು ದಿನಕ್ಕೆ ತಟ್ಟೆ ಬಿಸಾಕಿದ್ರೆ ಸಿಗೋದಿಲ್ಲ. ಮೇಲಾಗಿ ಲ್ಯಾಬ್‌ನಲ್ಲಿ ಕೆಲಸ ಮಾಡೋರಿಗೇ ಅಂಟಬಹುದು. ಹಾಗಾಗಿ ಮನೇಲಿ ಮೇಕೆ ಇದೆ, ಹಸಿ ಹಾಲು ಕುಡೀತೀವಿ ಅಂತ ಮೊದಲೇ ಹೇಳಿದ್ರೆ ನಿಮಗೂ ಒಳ್ಳೇದು, ಟೆಕ್ನಿಷಿಯನ್‌ಗೂ ಒಳ್ಳೇದು.

ಲ್ಯಾಬ್‌ನ ಅರ್ಜಿಯಲ್ಲಿ ಹೆಸರು, ವಯಸ್ಸಿನ ಕೆಳಗೆ ಎರಡು ಗೆರೆ ಖಾಲಿ ಇರ್ತವೆ. ಸ್ಯಾಂಪಲ್ ತೆಗೆದ ಹೊತ್ತು, ಈಗಾಗಲೇ ತಗೊಂಡ ಮಾತ್ರೆ. ಕೌಂಟರ್‌ನಲ್ಲಿ ಗಡಿಬಿಡಿ, ಯಾರೂ ತುಂಬಿಸೋದಿಲ್ಲ. ಪೆನ್ನು ಇಸ್ಕೊಂಡು ನೀವೇ ಬರೀರಿ: ಬೆಳಿಗ್ಗೆ 8.40, ನಿನ್ನೆ ರಾತ್ರಿ ಒಂದು ಮಾತ್ರೆ ನುಂಗಿದೆ, ಹೆಸರು ಇಂಥದ್ದು. ಹೆಸರು ಗೊತ್ತಿಲ್ಲ ಅಂದ್ರೆ ಆ ಖಾಲಿ ಪಟ್ಟಿಯನ್ನೇ ತೋರಿಸ್ರಿ.